ಸಿಟ್ಟು ಸರದೇಸಾಯಿಣಿಯದು, ವಿಷ ಮುತ್ತವ್ವನದು

ಶಿವಬಸವ ನಗರ, ಬೆಳಗಾವಿ
೪ ಮಾರ್ಚ್ ೧೯೮೪

ಚಿ. ಕುಮಾರಿ ಗೌರವ್ವಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಬೆಳಗಾವಿ ನಗರದ ಸಮಸ್ತ ನಾಗರಿಕರಿಗೂ, ಖಾನಾಪುರ ತಾಲೂಕಿನ ಸಕಲ ಜೀವಜಂತುಗಳಿಗೂ, ಸದ್ಯ ಕಲ್ಕತ್ತೆಯಲ್ಲಿ ವಾಸವಾಗಿರುವ ನಿನಗೂ ತಿಳಿಯಪಡಿಸುವುದೇನೆಂದರೆ: ನಿನ್ನೆ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಶ್ರೀಮತಿ ಸರದೇಸಾಯಿಣಿಯವರು ಬಾಜಾ ಭಜಂತ್ರಿಯಿಲ್ಲದೆ, ಯಾರಿಗೂ ಆಮಂತ್ರಣ ಕೊಡದೆ, ತಮ್ಮ ಹಳೆಯ ಪೊರೆಯನ್ನು ಕಳಚಿ ಗಡಿಗೆಯ ಬಾಯಿಗೆ ತಂದು ಒಗೆದಿದ್ದಾರೆ. ಅಂಗಿ ಎಂಟೂ ತೋಳುಗಳ ಸಮೇತ ಅಖಂಡವಾಗಿದೆ. ಹೊಲಿಗೆ ಇಲ್ಲದೆ ಇಂಥದೊಂದು ಅಂಗಿ ಮಾಡಿಕೊಡುವವರು ಇಡೀ ಶಹಾಪುರ ಪೇಟೆಯಲ್ಲಿ ಸಿಗಲಾರರು. ಅದನ್ನು ಹತ್ತಿ ಹಾಸಿ ನನ್ನ ಚಷ್ಮಾದ ಡಬ್ಬಿಯಲ್ಲಿ ಮಲಗಿಸಿದ್ದೇನೆ. ಚಷ್ಮಾ ಸದ್ಯಕ್ಕೆ ಬಯಲಲ್ಲಿ ಬಿದ್ದಿದೆ. ಇರಲಿ, ನಿನ್ನ ಅಭ್ಯಾಸಕ್ಕಾಗಿ ನಾವು ಏನನ್ನು ತಾನೆ ತ್ಯಾಗ ಮಾಡಿಲ್ಲ.

ಕಾಗದ ಬಹಳ ತಡವಾಯಿತು, ಕ್ಷಮಿಸು. ಪ್ರೆಸ್ಸಿನಲ್ಲಿ ಕರೆಂಟಿಲ್ಲ, ವಾರಪತ್ರಿಕೆಯ ನನ್ನ ಅಂಕಣಕ್ಕೆ ವಿಷಯವಿಲ್ಲ, ಮನೆಯಲ್ಲಿ ಮಸಿಯಿಲ್ಲ ಎಂದೆಲ್ಲ ಬರೆಯಬಹುದಿತ್ತು. ಆದರೆ ನನ್ನ ನೆವಗಳನ್ನು ನೀನು ಸಣ್ಣವಳಿದ್ದಾಗಿನಿಂದ ಜಾತಿವಾರು ವಿಂಗಡಿಸುತ್ತ ಬಂದವಳು. ಇನ್ನೊಂದು ಮಾತು: ಈ ಸಲ ಕೊನೆಯಲ್ಲಿ ನಿನ್ನ ಅವ್ವನ ನಾಲ್ಕು ಸಾಲು ಇರುವುದಿಲ್ಲ. ಕೈ ಬಿಡುವಿಲ್ಲ, ನೀವೇ ಬರೆದುಬಿಡಿರಿ ಅಂದಳು.

ನಿನ್ನ ಬಾಡಿಗೆದಾರರಿಬ್ಬರೂ, ಅಂದರೆ ಜೇಡಗಳೆರಡೂ, ಕ್ಷೇಮ. ಅವರಿಗೆ ಜಿರಲೆ ಪೂರೈಸುವ ಗುತ್ತಿಗೆ ನಮ್ಮ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಅಲ್ಲಾಭಕ್ಷನದು. ವಾರಕ್ಕೊಮ್ಮೆ ಡಬ್ಬಿ ತೆರೆದು ತೋರಿಸಿ, ಈ ಸಲದ ಮಾಲು ಚಲೋ ಐತಿ, ಕಾಗದ ತಿಂದು ಬೆಳೆದದ್ದು ಎನ್ನುತ್ತಾನೆ. ಕಣಕುಂಬಿ ಕಾಡಿನ ಮಣ್ಣಿನ ದಿಬ್ಬದಿಂದ ನೀನು ಅಗೆದು ತಂದ ಸರದೇಸಾಯಿಣಿ ನನ್ನ ಹಳೆಯ ಅಂಕಣಗಳನ್ನು ತಿಂದ ಜಿರಲೆಯನ್ನು ತಿನ್ನುತ್ತಾಳೆ. ಆಕೆಯ ಸಿಟ್ಟಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ನೀನು ಹೊರಡುವ ಹಿಂದಿನ ದಿನ ನಮ್ಮಿಬ್ಬರನ್ನು ಕೂರಿಸಿ ಹೇಳಿದ ಪಾಠ ನನಗೆ ಬಾಯಿಪಾಠವಾಗಿದೆ. ನೀನು ಟ್ಯಾರಂಟುಲಾ ಎನ್ನುವ ಈ ರೋಮದ ಜೇಡಗಳಲ್ಲಿ ಅಮೆರಿಕದ ಕಡೆಯವು ಬಹಳಷ್ಟು ಹೊಟ್ಟೆಯ ಮೇಲಿನ ಕೂದಲನ್ನು ಹಿಂಗಾಲಿನಿಂದ ಕೆದರಿ ವೈರಿಯ ಕಣ್ಣುಮೂಗಿಗೆ ತೂರುತ್ತವೆ. ಅವುಗಳ ವಿಷ ಸಾಧಾರಣ. ನಮ್ಮ ಕಡೆಯವಕ್ಕೆ ಆ ತುರಿಕೆಯ ಅಸ್ತ್ರವಿಲ್ಲ. ಓಡಬೇಕು, ಇಲ್ಲವೇ ಕಚ್ಚಬೇಕು. ಅದರಲ್ಲೂ ಸರದೇಸಾಯಿಣಿಯ ಜಾತಿ ಜಗಳಗಂಟಿ. ಕಡ್ಡಿ ತಾಕಿದರೆ ಸಾಕು, ಮುಂಗಾಲೆತ್ತಿ ಹಲ್ಲು ತೋರಿಸಿ ನಿಲ್ಲುತ್ತದೆ. ಹಾರ್ಲಿಕ್ಸ್ ಬಾಟಲಿಯಲ್ಲಿರುವ ಮುತ್ತವ್ವ ಮರದ ಪೊಟರೆಯವಳು, ನಾಚಿಕೆಯವಳು. ಬೆಳಕು ಬಿದ್ದರೆ ತೊಗಟೆಯ ಹಿಂದೆ ಮಾಯ. ಆದರೆ ಓಡಲು ದಾರಿಯಿಲ್ಲದೆ ಅವಳು ಕಚ್ಚಿದರೆ, ಆ ಕಡಿತದ ನೋವೇ ಹೆಚ್ಚು. ಇವು ಕಚ್ಚಿ ಯಾರೂ ಸತ್ತ ದಾಖಲೆ ನಿನಗೆ ಸಿಕ್ಕಿಲ್ಲ, ಆದರೆ ಸ್ನಾಯು ಹಿಡಿದುಕೊಂಡು ವಾರಗಟ್ಟಲೆ ಕಾಡುತ್ತದೆ ಅಂದಿದ್ದೆ. ಕೊನೆಗೆ ಹೇಳಿದ್ದು ಈ ಮಾತು:

“ಸಿಟ್ಟ ಬ್ಯಾರೆ, ವಿಷ ಬ್ಯಾರೆ ಅಪ್ಪಾ. ಕುಣಿಯೂದು ನೋಡಿ ಅಳತಿ ಮಾಡಬ್ಯಾಡ್ರಿ.”

ಅಂದಿನಿಂದ ನಾನು ಮನುಷ್ಯರನ್ನೂ ಇದೇ ತಕ್ಕಡಿಯಲ್ಲಿ ತೂಗುತ್ತಿದ್ದೇನೆ. ನಾನು ನಿಸ್ಸಂದೇಹವಾಗಿ ಗಡಿಗೆಯ ಸರದೇಸಾಯಿಣಿಯ ಜಾತಿ. ವಾರಕ್ಕೊಮ್ಮೆ ಅಂಕಣದಲ್ಲಿ ಮುಂಗಾಲೆತ್ತುತ್ತೇನೆ, ಯಾರಿಗೂ ಏನೂ ಆಗುವುದಿಲ್ಲ. ಖಾನಾಪುರದ ನಿನ್ನ ಸೋದರತ್ತೆ, ನನ್ನ ಅಕ್ಕ ಶಿವಲಿಂಗವ್ವ, ಅದೇ ಗಡಿಗೆಯ ಹಿರಿಯ ಸದಸ್ಯೆ. ನಿನ್ನ ಅವ್ವನನ್ನು ಯಾವ ಪಾತ್ರೆಗೆ ಹಾಕಬೇಕೆಂಬುದು ಈಗ ಹೇಳಲಿರುವ ಸಂಗತಿಯವರೆಗೆ ನನಗೆ ತಿಳಿದಿರಲಿಲ್ಲ.

ನಿನಗೆ ಕರಾರು ನೆನಪಿದೆಯಷ್ಟೆ? ತಾಯಿಯಿಲ್ಲದ ನನ್ನನ್ನು ಸಾಕಿ ಬೆಳೆಸಿದವಳು ಅಕ್ಕ. ಅವಳ ಮಾತಿಗೆ ಈ ಮನೆಯಲ್ಲಿ ಮೇಲ್ಮನವಿಯಿಲ್ಲ. ಕಲ್ಕತ್ತೆಯಲ್ಲಿ ನಿನಗೆ ಸಂಶೋಧನೆಗೆ ಜಾಗ ಸಿಕ್ಕಾಗ ಅವಳು ಖಾನಾಪುರದ ಬಸ್ಸಿಳಿದು ಬಂದವಳೇ ತೀರ್ಪು ಕೊಟ್ಟಳು. ಹುಳಗಳು ಈ ಊರಿನ ಹವೆಯಲ್ಲೇ ಬೆಳೆಯಬೇಕೆಂದರೆ ಬೆಳೆಯಲಿ, ಹುಡುಗಿಯೂ ಹೋಗಲಿ. “ಆದ್ರ ಆ ಹುಳಾ ಯಾರಿಗರೆ ಒಮ್ಮಿ ಕಚ್ಚಿತಂದ್ರ, ಓದು ಅಲ್ಲಿಗೇ ಮುಗೀತು. ಮನಿಗೆ ಕರಸೂದು, ಲಗ್ನಾ ಮಾಡೂದು.” ನೀನು ನನ್ನನ್ನು ಒಂದು ಮಾತೂ ಕೇಳದೆ ಅವಳ ಕೈಮೇಲೆ ಕೈಯಿಟ್ಟು ಒಪ್ಪಿಕೊಂಡೆ.

ಕಳೆದ ತಿಂಗಳು ಒಂದು ಭಾನುವಾರ ಅಕ್ಕ ಬಂದಳು. ಒಬ್ಬಳೇ ಅಲ್ಲ, ಖಾನಾಪುರದ ಕಟ್ಟಿಗೆ ವ್ಯಾಪಾರಿ ಬಾಳಾಸಾಹೇಬರನ್ನು ಜೊತೆಗೆ ಕರೆದುಕೊಂಡು. ಅವರ ಮಗನಿಗೆ ನಿನ್ನನ್ನು ಕೇಳುವ ವಿಚಾರ. ಕನ್ಯೆ ಊರಲ್ಲಿಲ್ಲವಲ್ಲ ಎಂದೆ. ಕನ್ಯೆ ಇಲ್ಲದಿದ್ದರೇನು, ಮನೆ ಇದೆಯಲ್ಲ, ಮನೆ ನೋಡುತ್ತಾರೆ ಅಂದಳು. ಬಾಳಾಸಾಹೇಬರು ಒಳ್ಳೆಯವರು. ಗೋಡೆ ನೋಡಿದರು, ತೊಲೆ ನೋಡಿದರು, ತೊಲೆ ಸಾಗವಾನಿಯದಲ್ಲ ಎಂದು ನೊಂದುಕೊಂಡರು.

ಇನ್ನು ನಮ್ಮ ಮನೆಯ ಮೊಸರಿನ ಸಂಗತಿ. ಚಳಿಗಾಲದಲ್ಲಿ ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿ, ಬಾಯಿಗೆ ಬಿಳಿ ಅರಿವೆ ಕಟ್ಟಿ, ಒಲೆಯ ಬಾಜೂಕಿನ ಗೋಡೆಯ ಮಾಡದಲ್ಲಿಡುವುದು ನನ್ನ ತಾಯಿಯ ಕಾಲದಿಂದ ಬಂದ ಪದ್ಧತಿ. ಅಲ್ಲಿ ಬೆಚ್ಚಗಿರುತ್ತದೆ ಎಂದು ನೀನು ಸರದೇಸಾಯಿಣಿಯ ಗಡಿಗೆಗೂ ಬಿಳಿ ಅರಿವೆ ಕಟ್ಟಿ ಅದೇ ಮಾಡದಲ್ಲಿಟ್ಟು ಹೋದೆ. ತಮ್ಮನ ಅಡುಗೆಮನೆಯಲ್ಲಿ ಯಾವುದು ಎಲ್ಲಿದೆ ಎಂದು ಕೇಳುವುದು ಅಕ್ಕನ ಘನತೆಗೆ ಕಡಿಮೆ. ಮೊಸರಿಗೆಂದು ಒಂದು ಗಡಿಗೆಯ ಅರಿವೆ ಬಿಚ್ಚಿದಳು, ಸೌಟು ಇಳಿಸಿದಳು.

ಸರದೇಸಾಯಿಣಿ ನಾಲ್ಕು ಕಾಲೆತ್ತಿ ಎದ್ದು ನಿಂತಳು. ಅಕ್ಕ ಸೌಟು ಎತ್ತಿ ನಿಂತಳು. ಒಂದೇ ಮನೆತನದ ಇಬ್ಬರು ಹಿರಿಯರು ಬಹಳ ದಿನದ ಮೇಲೆ ಭೇಟಿಯಾದಂತಿತ್ತು. ಇಬ್ಬರೂ ಹಿಂದೆ ಸರಿಯುವವರಲ್ಲ. ಆದರೂ ಸರಿದವಳು ಅಕ್ಕನೇ, ಮತ್ತು ಸರಿಯುವಾಗ ಮೊಣಕೈ ತಾಕಿ ಪಕ್ಕದಲ್ಲಿದ್ದ ಹಾರ್ಲಿಕ್ಸ್ ಬಾಟಲಿ ಉರುಳಿತು. ಮುಚ್ಚಳ ಹಾರಿತು. ನಾನು ಕಣ್ಣು ಮಿಟುಕಿಸುವುದರೊಳಗೆ ಮುತ್ತವ್ವ ಅಕ್ಕನ ಸೆರಗು ಹತ್ತಿ ಕುತ್ತಿಗೆಯ ಹತ್ತಿರ ಬಂದಿದ್ದಳು. ಅಕ್ಕ ಅಲುಗದೆ ನಿಂತುಬಿಟ್ಟಳು. ಮನೆಯ ಯಜಮಾನನಾದ ನಾನು ಸ್ಟೂಲಿನ ಮೇಲಿದ್ದೆ. ಯಾವಾಗ ಹತ್ತಿದೆನೋ ಗೊತ್ತಿಲ್ಲ.

ನಿನ್ನ ಅವ್ವ ರೊಟ್ಟಿಯ ಹಿಟ್ಟು ಮೆತ್ತಿದ ಬರಿಗೈ ಚಾಚಿದಳು. ಮುತ್ತವ್ವನನ್ನು ಅಂಗೈಯಲ್ಲಿ ಮುಚ್ಚಿ ತೆಗೆದು, ಬಾಟಲಿಗೆ ಬಿಟ್ಟು, ಮುಚ್ಚಳ ತಿರುಗಿಸಿದಳು. ಗಡಿಗೆಗೆ ಅರಿವೆ ಕಟ್ಟಿದಳು.

“ಮಸರು ಅತ್ತಾಗಿನ ಗಡಿಗ್ಯಾಗ ಐತ್ರೀ ಅಕ್ಕಾರ,” ಅಂದಳು. ಅಷ್ಟೇ.

ಊಟಕ್ಕೆ ಕುಳಿತೆವು. ರೊಟ್ಟಿ, ಬದನೆಯ ಎಣಗಾಯಿ, ಹೋಳಿಗೆ. ಬಾಳಾಸಾಹೇಬರು ಬಾಟಲಿಯತ್ತ ನೋಡಿ ಗುರುತು ಹಿಡಿದರು. ಕಣಕುಂಬಿಯ ಕಡೆ ಮರ ಕಡಿಯುವಾಗ ಇಂಥದೇ ಹುಳ ಅವರ ಆಳಿಗೆ ಕಚ್ಚಿತ್ತಂತೆ. ಸಾಯಲಿಲ್ಲ, ಆದರೆ ನೋವು ಹೆಗಲಿಗೇರಿ, ಎಷ್ಟೋ ದಿನ ಕೊಡಲಿ ಹಿಡಿಯಲಾಗಲಿಲ್ಲವಂತೆ. ಅಕ್ಕ ತುತ್ತು ಕೆಳಗಿಟ್ಟು ನಿನ್ನ ಅವ್ವನ ಮುಖ ನೋಡಿದಳು.

“ಬಸವಣ್ಣೆವ್ವಾ, ಖರೇ ಹೇಳು. ನಿನಗ ಕಚ್ಚೇತೇನು?”

“ಇಲ್ರೀ. ಅಂಜುಬುರಕ ಹುಳಾ ಅದು. ಬಾಳಾಸಾಹೇಬ್ರ, ಇನ್ನೊಂದ ಹೋಳಿಗಿ ಹಾಕಲ್ರಿ?”

ಹಾಕಿದಳು, ಮೇಲೆ ತುಪ್ಪವನ್ನೂ ಬಡಿಸಿದಳು. ಚಮಚ ನಡುಗಿ ತುಪ್ಪ ಅರ್ಧ ಹೋಳಿಗೆಗೆ, ಅರ್ಧ ಬಾಳಾಸಾಹೇಬರ ಧೋತರಕ್ಕೆ ಬಿತ್ತು. ಕೈ ನಡುಗುವಷ್ಟು ಸಿಟ್ಟೇ ನನ್ನ ಅಕ್ಕನ ಮೇಲೆ ಎಂದು ನಾನು ಎಲ್ಲರೆದುರು ಚೇಷ್ಟೆ ಮಾಡಿದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಕೈ ತೊಳೆದ ಮೇಲೆ ಅಕ್ಕ ಗಂಭೀರವಾಗಿ ಕುಳಿತು, ವೀಳ್ಯ ಮಡಿಸುತ್ತ, ತನ್ನ ತೀರ್ಪನ್ನು ತಾನೇ ಓದಿದಳು. “ಕಚ್ಚಾಕ ಇದಕಿಂತ ಚಲೋ ಹೊತ್ತು ಅದಕ್ಕ ಸಿಗತಿದ್ದಿಲ್ಲ. ಆದ್ರೂ ಕಚ್ಚಲಿಲ್ಲ. ಮಾತಂದ್ರ ಮಾತು. ಹುಡುಗಿ ಓದು ಮುಗಸಲಿ, ಆಮ್ಯಾಲ ನೋಡೂಣು.” ಬಾಳಾಸಾಹೇಬರು ಅಷ್ಟು ವರ್ಷ ಕಾಯುವಂತಿಲ್ಲ, ಬೇರೆ ಕಡೆ ನೋಡುತ್ತೇವೆ ಎಂದು ಮರ್ಯಾದೆಯಿಂದಲೇ ಎದ್ದರು. ಈಗ ಖಾನಾಪುರದಲ್ಲಿ ಅಕ್ಕ ಹೇಳುತ್ತಿರುವ ಕಥೆಯೇ ಬೇರೆಯಂತೆ. ನಮ್ಮ ಗೌರವ್ವ ಸಾಕಿದ ಹುಳಗಳು ಹಿರಿಯರನ್ನು ಕಂಡರೆ ಎದ್ದು ನಿಂತು ಕೈಮುಗಿಯುತ್ತವೆ ಎಂದು.

ಹೀಗೆ, ಮಗಳೇ, ನಿನ್ನ ಓದು ನಿನ್ನದಾಗಿ ಉಳಿಯಿತು. ಈ ಓಣಿಯಲ್ಲಿ ವಕೀಲರ ಅಪ್ಪಂದಿರಿದ್ದಾರೆ, ಇಂಜಿನಿಯರರ ಅಪ್ಪಂದಿರಿದ್ದಾರೆ. ಜೇಡಗಳ ಸ್ವಭಾವ ಬಲ್ಲವಳ ಅಪ್ಪ ನಾನೊಬ್ಬನೇ. ಅಂಗಡಿಗೆ ಉಪ್ಪು ತರಲು ಹೋದರೂ ನಾನು ಆ ಹೆಮ್ಮೆಯ ನಡಿಗೆಯಲ್ಲೇ ಹೋಗುತ್ತೇನೆ.

ಅಲ್ಲಿ ಮೀನಿನ ವಾಸನೆಗೆ ಹೊಂದಿಕೊಂಡೆಯಾ? ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಬಾಳು; ನಿನ್ನ ಕಣ್ಣು ಹೀಗೆಯೇ ಚೂಪಾಗಿರಲಿ, ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ಪ್ರೀತಿಯ ಅಪ್ಪ,
ಗುರುಪುತ್ರಪ್ಪ

ತಾ.ಕ.: ನಿನ್ನ ಅವ್ವ ನಳಕ್ಕೆ ನೀರು ಬಂತೆಂದು ಹೊರಗೆ ಹೋಗಿದ್ದಾಳೆ. ಅವಳು ಬರುವುದರೊಳಗೆ ಬರೆದು ಅಂಟಿಸಬೇಕು.

ಮುತ್ತವ್ವ ಕಚ್ಚಿದ್ದಳು. ಬಲಗೈ, ಹೆಬ್ಬೆರಳಿನ ಬುಡದಲ್ಲಿ. ಬೀಗರಾಗಬೇಕೆಂದು ಬಂದವರಿಗೆ ಎಡಗೈಯಲ್ಲಿ ಬಡಿಸುವುದುಂಟೇ? ಕಚ್ಚಿಸಿಕೊಂಡ ಕೈಯಿಂದಲೇ ರೊಟ್ಟಿ, ಹೋಳಿಗೆ, ತುಪ್ಪ ಎಲ್ಲ ಬಡಿಸಿದಳು. ನಾನು ಚೇಷ್ಟೆ ಮಾಡಿದ್ದು ಆ ನಡುಕವನ್ನೇ. ಖಾನಾಪುರದ ಬಸ್ಸು ಹೋದ ಮೇಲೆ ಒಳಗೆ ಬಂದು, ಕದ ಮುಂದೆ ಮಾಡಿ, ಕೈ ತೋರಿಸಿದಳು. ಮೊಣಕೈವರೆಗೆ ಬಾತಿತ್ತು. ಆಗಲೇ ಯಾಕೆ ಹೇಳಲಿಲ್ಲ ಎಂದೆ. “ಹೇಳಿದ್ರ ಗೌರವ್ವ ಬರಬೇಕಾಗತಿತ್ತಲ್ರಿ,” ಅಂದಳು.

ಡಾಕ್ಟರರಿಗೂ ಮುಳ್ಳು ಚುಚ್ಚಿತು ಎಂದು ಹೇಳಲು ಹೊರಟವಳಿಂದ ನಾನು ನಿಜ ಹೇಳಿಸಿದೆ. ನೋವು ಇಳಿದಿದೆ. ಆದರೆ ಬೆರಳುಗಳು ಇನ್ನೂ ಆಗಾಗ ಹಿಡಿದುಕೊಳ್ಳುತ್ತವೆ, ಕೈಯಲ್ಲಿ ಲೇಖನಿ ನಿಲ್ಲುವುದಿಲ್ಲ. ಅವಳ ನಾಲ್ಕು ಸಾಲು ಇಲ್ಲದಿರುವುದು ಅದಕ್ಕೇ. ರೊಟ್ಟಿ ನಾನು ಬಡಿಯುತ್ತಿದ್ದೇನೆ. ಒಂದೊಂದೂ ಖಾನಾಪುರ ತಾಲೂಕಿನ ನಕಾಶೆಯಂತೆ ಬರುತ್ತದೆ. ಅವಳು ಮಾತ್ರ ದಿನಾ ಎದ್ದವಳೇ ಮೊದಲು ಮುತ್ತವ್ವನ ಬಾಟಲಿ ನೋಡುತ್ತಾಳೆ, ಅಂದು ಅವಸರದಲ್ಲಿ ಅದರ ಕಾಲೇನಾದರೂ ಉಳುಕಿತೇ ಎಂದು. ನಗೆಯ ಅಂಕಣ ಬರೆಯುವವನ ಮನೆಯಲ್ಲಿ ನಡೆದದ್ದರಲ್ಲಿ ನಾನು ಅಚ್ಚಿಗೆ ಕೊಡದೆ ಬಿಟ್ಟದ್ದು ಇದೊಂದೇ.

ನಿನಗೆ ತಿಳಿಸಕೂಡದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ಆದ್ದರಿಂದ ಒಂದು ಉಪಕಾರ ಮಾಡು. ಅವಳ ಹೆಸರಿಗೆ ಒಂದು ಕಾಗದ ಬರೆ. ಕೈಯ ಮಾತು ಎತ್ತಬೇಡ. ಊಟ, ಹವೆ ಎಲ್ಲ ಬರೆಯುತ್ತ ನಡುವೆ ಎಲ್ಲೋ, ಅಲ್ಲಿ ಯಾರಿಗೋ ಮರದ ಜೇಡ ಕಚ್ಚಿತ್ತು ಎಂಬಂತೆ, ಈ ಹಿಡಿತ ಎಷ್ಟು ದಿನ ಇರುತ್ತದೆ, ಬಿಸಿನೀರಿನ ಶಾಖ ಕೊಡಬಹುದೋ ಬಾರದೋ ಎಂದು ತಿಳಿಸು. ಮತ್ತೆ, ಕಾರ್ಡಿನಲ್ಲಿ ಬೇಡ, ಲಕೋಟೆಯಲ್ಲಿ ಹಾಕು. ಯುಗಾದಿಗೆ ಅಕ್ಕ ಬರುತ್ತಾಳೆ, ಕಾರ್ಡು ಬಂದರೆ ಮೊದಲು ಓದುವವಳು ಅವಳೇ.