ಬ್ರೆಡ್ ಡಬ್ಬಿಯಲ್ಲಿ ಹದಿನೈದು ಪ್ರಶ್ನೆ

ಲೋರ್ನಾ,

ಈ ಮನೆಯ ಚರಿತ್ರೆಯಲ್ಲಿ ಇಂದು ಮಹತ್ವದ ದಿನ: ಬ್ರೆಡ್ ಡಬ್ಬಿಯಲ್ಲಿ ಬ್ರೆಡ್ ಇಲ್ಲ. ಹದಿನೈದು ಪ್ರಶ್ನೆಗಳಿವೆ.

ನಿನ್ನ ಪ್ರಶ್ನೆಪುಸ್ತಕ ಹರಿದವನು ನಾನೇ. ಬೈಗುಳವನ್ನು ಸಂಜೆಗೆ ಇಟ್ಟುಕೋ. "ಪಾಠ ಎಲ್ಲಾ ಮುಗೀಲಿ ಮಾರಾಯ, ಆಮೇಲೆ ಪ್ರಶ್ನೆ ಬಿಡಿಸ್ತೀನಿ" ಎಂದು ನೀನು ಹೋದ ಸಲವೂ ಅಂದಿದ್ದೆ. ಪಾಠ ಮುಗಿಯಲಿಲ್ಲ, ನರ್ಸ್ ಲೈಸೆನ್ಸ್ ಪರೀಕ್ಷೆಯೇ ಮುಗಿದುಹೋಯಿತು. ಈ ಸಲವೂ ಫೇಲಾದರೆ ಆಸ್ಪತ್ರೆಯವರು ನಿನ್ನ ಜಾಗ ಕಾಯುವುದಿಲ್ಲ.

ಆದ್ದರಿಂದ ಈ ಹದಿನೈದು ಪ್ರಶ್ನೆ ಕಾಫಿಯ ಜೊತೆ, ಬಟ್ಟೆ ಒಗೆಯುವ ಯಂತ್ರ ತಿರುಗುವಾಗ ಇನ್ನೂ ಹದಿನೈದು. ಉತ್ತರ ತಪ್ಪಾದ ಪಾಠವನ್ನಷ್ಟೇ ಮತ್ತೆ ಓದು. ಸೂಪ್ ಒಲೆಯ ಮೇಲಿದೆ, ಅದನ್ನು ಓದಬೇಕಾಗಿಲ್ಲ, ಕುಡಿ.

ಬೆಳಗಿನ ಜಾವ ಸರೋವರದ ಮಂಜು ಕಿಟಕಿಯವರೆಗೂ ಬಂದು, ಮನೆ ಮೆಲ್ಲನೆ ತೇಲುತ್ತಿರುವಂತಿತ್ತು. ನೀನು ನಿದ್ದೆಯಲ್ಲೇ ಯಾರನ್ನೋ ಗದರಿದೆ: "ಡಾಕ್ಟರಿಗೆ ಆಮೇಲೆ ಫೋನ್ ಮಾಡೇ, ಮೊದ್ಲು ಅಜ್ಜಿ ಉಸಿರಾಡ್ತಿದಾಳಾ ನೋಡು!"

ಎಚ್ಚರದಲ್ಲಿ ನಾನು ಕೇಳಿದಾಗ ನೀನು ಮೂರು ಸಲ ತಪ್ಪಿದ ಪ್ರಶ್ನೆ ಅದು. ಮನೆ ಅಲುಗಾಡೀತೆಂಬಂತೆ ನಾನು ತುದಿಗಾಲಲ್ಲಿ ಹೋಗಿ ಉತ್ತರದ ಪುಟ ತೆರೆದೆ.

ಉತ್ತರ ಸರಿಯಾಗಿತ್ತು.

ಆಂಡರ್ಸ್