ಸುಣ್ಣ ಬಳಿದ ಮುಖ

ಮಂಗಳವಾರ, ಹದಿನಾಲ್ಕನೇ ತಾರೀಖು.

ನಾಳಿದ್ದಿನ ನನ್ನ ಉಪನ್ಯಾಸದ ಪೋಸ್ಟರನ್ನು ಲಿಫ್ಟಿನ ಪಕ್ಕ ಅಂಟಿಸಿದ್ದಾರೆ. ಹೆಸರು ನನ್ನದು, ಕನ್ನಡಕ ನನ್ನದು. ಮುಖಕ್ಕೆ ಮಾತ್ರ ಸುಣ್ಣ ಬಳಿದಿದ್ದಾರೆ.

ಈ ಸಂಸ್ಥೆ ಫೆಲೋಶಿಪ್ ಕೊಟ್ಟು ನನ್ನನ್ನು ಕರೆಸಿಕೊಂಡದ್ದೇ, ಹಳೇ ಸ್ಟುಡಿಯೋಗಳು ಕಪ್ಪು ಮುಖಗಳನ್ನು ಹೇಗೆ ತಿದ್ದಿ ಬೆಳ್ಳಗೆ ಮಾಡುತ್ತಿದ್ದವು ಎಂದು ಬರೆಯುವುದಕ್ಕೆ. ತಿದ್ದಿದ ಮುಖದ ಕೆಳಗೇ ಆ ವಿಷಯವೂ ಅಚ್ಚಾಗಿದೆ. ಒಬ್ಬರ ಕಣ್ಣಿಗೂ ಬಿದ್ದಿಲ್ಲ.

ನೆಟ್ಟಗೆ ನಿರ್ದೇಶಕರ ಕೋಣೆಗೆ ಹೋದೆ.

"ಸ್ವಲ್ಪ ಬ್ರೈಟ್ ಮಾಡಿಸಿದ್ವಿ ಅಷ್ಟೇ. ದೂರದಿಂದ ಕಾಣಬೇಕಲ್ಲ."

"ಪೋಸ್ಟರಲ್ಲಿ ನನ್ನ ಪಕ್ಕದಲ್ಲೇ ನಿಮ್ಮ ಮುಖಾನೂ ಇದೆಯಲ್ಲ ಸರ್. ಅದನ್ನ ಯಾಕೆ ಮುಟ್ಟಿಲ್ಲ?"

"ಇದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡಿ," ಅಂತ ಟೀ ತರಿಸಿದರು. ಮೈಯೆಲ್ಲ ಉರಿದುಹೋಯಿತು. ಪ್ರಾತಿನಿಧ್ಯ, ಸಾಮಾಜಿಕ ಬದಲಾವಣೆ ಅಂತ ಬಾಗಿಲ ಮೇಲೆ ಬರೆಸಿಕೊಂಡ ದೊಡ್ಡ ಮನುಷ್ಯರು. ಟೀ ಮುಟ್ಟದೆ ಎದ್ದು ಬಂದು ಪೋಸ್ಟರನ್ನು ಕಿತ್ತೆ. ನಾಳಿದ್ದು ಉಪನ್ಯಾಸದಲ್ಲಿ ಮೊದಲು ತೋರಿಸುವ ಚಿತ್ರ ಇದೇ. ಮುಂದಿನ ಸಾಲಲ್ಲಿ ಕೂತು ನೋಡಲಿ.

ಹಾಗಂತ ಹಲ್ಲು ಕಚ್ಚಿಕೊಂಡು ಕೂತಿದ್ದೆ, ಅಮ್ಮನ ಫೋನ್ ಬಂತು. ತಮ್ಮ ಅವಳಿಗೆ ಮೊಬೈಲಲ್ಲಿ ಪೋಸ್ಟರ್ ತೋರಿಸಿದ್ದಾನೆ.

"ಎಷ್ಟು ಲಕ್ಷಣವಾಗಿ ಬಂದಿದೀಯೇ. ಇದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕ್ತೀನಿ. ಆ ಹಳೇ ಫೋಟೋ ತೆಗೆದುಬಿಡ್ತೀನಿ."

ಹೂಂ ಅಂದೆ. ನಿರ್ದೇಶಕರ ಮೇಲಿನ ಸಿಟ್ಟನ್ನು ನಾಳಿದ್ದು ತೀರಿಸಿಕೊಳ್ಳುತ್ತೇನೆ. ಇದನ್ನು ಯಾರ ಮೇಲೆ ತೀರಿಸಲಿ?

ಆ ಹಳೇ ಫೋಟೋದಲ್ಲಿ ನಾನು ಅಮ್ಮನ ತೊಡೆ ಮೇಲೆ ಕೂತಿದ್ದೇನೆ. ಅವಳ ಕೈ ಎಲ್ಲಿ ಮುಗಿದು ನನ್ನದು ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಾಗುವುದಿಲ್ಲ, ಅಷ್ಟು ಒಂದೇ ಬಣ್ಣ.