ಜಡೆ ಹಾಕುವಷ್ಟು ಉದ್ದ

ಮಂಗಳವಾರ ಮಧ್ಯಾಹ್ನ,
ಪಾರ್ಲರ್‌ಗೆ ರಜೆ

ನನ್ನ ಸಿಡುಕು ಪುಟ್ಟಿಗೆ,

ಮೂಗಿನ ತುದಿಯ ಕೋಪವನ್ನು ಸ್ವಲ್ಪ ಕೆಳಗಿಟ್ಟು ಓದು. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ. ಕಾಗದವಾದರೆ ಮಧ್ಯೆ ಬಾಯಿ ಹಾಕಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಚಿಕಿತ್ಸೆಯೊಂದಿಗೆ ಎಲ್ಲ ಮುಗಿಯಿತು ಅಂತ ನಾನು ಹೇಳಿದ್ದೆ. ಮುಗಿದಿಲ್ಲ ಅಂತ ಅಪ್ಪ ಬಾಯಿಬಿಟ್ಟರು. ಅವರ ಹೊಟ್ಟೆಯಲ್ಲಿ ಯಾವ ಮಾತು ನಿಂತಿದೆ? ಹಡಗು ಕಟ್ಟುವ ಕಾರ್ಖಾನೆ ಬಿಟ್ಟು ಬರುತ್ತೇನೆ, ಅಮ್ಮನ ಪಕ್ಕದಲ್ಲೇ ಇರುತ್ತೇನೆ ಅಂದೆಯಂತೆ. ಬೇಡ. ಇನ್ನೊಂದು ವರ್ಷ ಕಳೆದರೆ ನೀನು ಪೂರ್ತಿ ವೆಲ್ಡರ್. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವಂತೆ ಮಾಡಬೇಡ.

ಮೊದಲಿಂದ ಹೇಳುತ್ತೇನೆ ಕೇಳು. ಅವತ್ತು ಎದುರುಮನೆ ಟೀಚರ್ ಕೂದಲು ಕತ್ತರಿಸಿಕೊಳ್ಳಲು ಕೂತಿದ್ದರು. ಎಡಗಡೆ ಮುಗಿಸಿ ಬಲಗಡೆಗೆ ಬಂದಿದ್ದೆ ಅಷ್ಟೇ, ಕೈ ತಾನಾಗಿ ಅದುರತೊಡಗಿತು. ಕತ್ತರಿ ಬಿತ್ತು, ಆಮೇಲೆ ನಾನೂ ಬಿದ್ದೆ. ಕಣ್ಣು ಬಿಟ್ಟಾಗ ಆಸ್ಪತ್ರೆ. ಪಕ್ಕದಲ್ಲಿ ಟೀಚರ್: ಒಂದು ಕಡೆ ಕಿವಿಯವರೆಗೆ, ಇನ್ನೊಂದು ಕಡೆ ಭುಜದವರೆಗೆ ಕೂದಲು, ಕೊರಳಿಗೆ ಇನ್ನೂ ನನ್ನ ಪಾರ್ಲರಿನ ಬಟ್ಟೆ. ನೋಡಿ ಮೊದಲು ನಗು ಬಂತು, ಆಮೇಲೆ ಅಳು.

ಮಿದುಳಿನಲ್ಲಿ ಒಂದು ಕಡೆ ರಕ್ತನಾಳಗಳು ಹುಟ್ಟಿನಿಂದಲೇ ಸಿಕ್ಕಾಗಿವೆ, ಒಡೆದರೆ ಜೀವಕ್ಕೇ ಅಪಾಯ ಅಂದರು ಡಾಕ್ಟರಮ್ಮ. ಊರವರ ಸಿಕ್ಕು ಬಿಡಿಸಿದವಳ ತಲೆಯೊಳಗೇ ಸಿಕ್ಕು ನೋಡು. ಅದೂ ಆಳದಲ್ಲಿ, ಕೈ ಆಡಿಸುವ ಜಾಗದ ಪಕ್ಕದಲ್ಲೇ. ತಲೆ ತೆರೆದು ಮುಟ್ಟಿದರೆ ಕೈ ಸ್ವಾಧೀನ ತಪ್ಪಬಹುದು, ಅದಕ್ಕೆ ವಿಕಿರಣ ಬಿಟ್ಟು ಮುಚ್ಚಿಸೋಣ ಅಂದರು. ರೇಡಿಯೋಸರ್ಜರಿ ಅಂತ ಹೆಸರು. ಸರ್ಜರಿ ಅನ್ನುತ್ತಾರೆಯೇ ಹೊರತು ಬ್ಲೇಡ್ ಇಲ್ಲ, ಹೊಲಿಗೆ ಇಲ್ಲ.

ಹಿಂದಿನ ದಿನ ನಾನೇ ಕನ್ನಡಿ ಮುಂದೆ ಕೂತು ಟ್ರಿಮ್ಮರಿನಲ್ಲಿ ತಲೆ ಬೋಳಿಸಿಕೊಂಡೆ. ಆಸ್ಪತ್ರೆಯವರ ಮೊಂಡು ಮೆಷಿನ್ನಿಗೆ ತಲೆ ಕೊಡುವುದು ಯಾರಿಗೆ ಬೇಕು? ಬೆಳಿಗ್ಗೆ ನರ್ಸ್ ನನ್ನನ್ನು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಇದಕ್ಕೆ ಒಂದು ಕೂದಲೂ ತೆಗೀಬೇಕಾಗಿಲ್ಲ ಆಂಟಿ ಅಂದಳು. ಅಪ್ಪ ಇವತ್ತಿಗೂ ಸಿಕ್ಕಸಿಕ್ಕವರಿಗೆಲ್ಲ ಆ ಕತೆ ಹೇಳಿ ನಗುತ್ತಾರೆ.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ತಲೆ ಅಲುಗದಂತೆ ಲೋಹದ ಚೌಕಟ್ಟೊಂದನ್ನು ನಾಲ್ಕು ಸ್ಕ್ರೂ ಬಿಗಿದು ಕೂರಿಸಿದರು. ಇಂಜೆಕ್ಷನ್ ಚುರ್ ಅಂದದ್ದು ನಿಜ. ಸ್ಕ್ಯಾನ್ ಮಾಡಿ ಜಾಗ ಗುರುತಿಸಿಕೊಂಡು ಯಂತ್ರದೊಳಗೆ ಮಲಗಿಸಿದರು. ಸಣ್ಣ ಸಣ್ಣ ಕಿರಣಗಳು ಎಲ್ಲ ಕಡೆಯಿಂದ ಬಂದು ಆ ಸಿಕ್ಕಿನ ಮೇಲೆ ಮಾತ್ರ ಕೂಡುತ್ತವಂತೆ. ನನಗೇನೂ ಗೊತ್ತಾಗಲಿಲ್ಲ, ಸಣ್ಣ ನಿದ್ದೆಯೂ ಬಂತು. ಸಂಜೆ ಮನೆಗೆ ಬಂದು ಅಪ್ಪನ ಉಪ್ಪಿಲ್ಲದ ಅಡುಗೆ ಉಂಡೆ.

ಇನ್ನು ನಿನ್ನ ಕೋಪದ ವಿಷಯ. ನಾಳದ ಗೋಡೆ ನಿಧಾನಕ್ಕೆ ದಪ್ಪವಾಗಿ ಮುಚ್ಚಿಕೊಳ್ಳಲು ಎರಡು ಮೂರು ವರ್ಷ ಬೇಕು, ಅಲ್ಲಿಯವರೆಗೆ ಒಡೆಯುವ ಭಯ ಇದ್ದದ್ದೇ. ಒಪ್ಪಿದೆ. ಆದರೆ ನೀನು ಎದುರಿಗೆ ಕೂತು ನನ್ನ ಮುಖ ನೋಡುತ್ತಿದ್ದರೆ ಅದು ಬೇಗ ಮುಚ್ಚುತ್ತದೆಯೇ? ಹೆಚ್ಚಿನವರಿಗೆ ಪೂರ್ತಿ ಮುಚ್ಚುತ್ತದೆ ಅಂದಿದ್ದಾರೆ ಡಾಕ್ಟರಮ್ಮ. ನನ್ನದೂ ಮುಚ್ಚುತ್ತದೆ. ಮಾತ್ರೆ ತಪ್ಪಿಸುವುದಿಲ್ಲ, ಸ್ಕೂಟರ್ ಮುಟ್ಟುವುದಿಲ್ಲ. ಏನಾದರೂ ಆದರೆ ಓಡಿಬರಲು ಅಪ್ಪ ಇದ್ದಾರೆ, ಟೀಚರ್ ಇದ್ದಾರೆ.

ಟೀಚರ್ ನಾನು ಹುಷಾರಾಗುವವರೆಗೂ ಅರ್ಧ ಕತ್ತರಿಸಿದ ತಲೆಯಲ್ಲೇ ಸ್ಕೂಲಿಗೆ ಹೋದರು, ಇನ್ನೊಬ್ಬರ ಕೈಗೆ ಕೊಡಲಿಲ್ಲ. ಇನ್ನು ಕತ್ತರಿ ಹಿಡಿಯಬಹುದು ಅಂತ ಡಾಕ್ಟರಮ್ಮ ಒಪ್ಪಿದ ಮಾರನೇ ದಿನವೇ ಬಂದು ಕುರ್ಚಿಯಲ್ಲಿ ಕೂತರು. ಮಕ್ಕಳೆಲ್ಲ ನಗ್ತಿದಾರೆ, ಬೇಗ ಮುಗಿಸಿ ಅಂದರು. ಮೊದಲ ಸಲ ಕತ್ತರಿ ಆಡಿಸುವಾಗ ಎದೆ ಡವಡವ ಅಂದಿತು. ಕೈ ಮಾತ್ರ ನಡುಗಲಿಲ್ಲ ಪುಟ್ಟಿ. ಎರಡೂ ಕಡೆ ಸಮ ಬಂತು.

ನೀನೂ ಅರ್ಧಕ್ಕೆ ಬಿಡಬೇಡ. ಮುಗಿಸಿಕೊಂಡು ಬಾ.

ನಿನ್ನ ಬೋಳುತಲೆಯ,
ಅಮ್ಮ

ತಾ.ಕ.: ಇದನ್ನು ಅಪ್ಪನಿಗೆ ಹೇಳಬೇಡ, ಪಾಪ, ಆ ಕತೆ ಹೇಳಿ ನಗುವುದೇ ಅವರಿಗೊಂದು ಧೈರ್ಯ. ಕೂದಲು ತೆಗೆಯಬೇಕಿಲ್ಲ ಅಂತ ಇನ್ನೊಬ್ಬ ನರ್ಸ್ ಹಿಂದಿನ ವಾರವೇ ಹೇಳಿದ್ದಳು. ಗೊತ್ತಿದ್ದೇ ಬೋಳಿಸಿಕೊಂಡೆ. ತಲೆಯೊಳಗೆ ಏನಾಗುತ್ತಿದೆಯೋ ಅಂತ ಹೆದರುತ್ತ ಮೂರು ವರ್ಷ ಕಾಯಲು ನನ್ನ ಕೈಲಿ ಆಗುತ್ತಿರಲಿಲ್ಲ. ಒಳಗಿನದು ಕಾಣುವುದಿಲ್ಲ, ಕೂದಲಾದರೆ ಕಾಣುತ್ತದೆ, ಅದರ ಲೆಕ್ಕವೂ ನನಗೆ ಗೊತ್ತು. ಮೂರು ವರ್ಷಕ್ಕೆ ಅರ್ಧ ಬೆನ್ನಿಗೆ ಬರುತ್ತದೆ. ಈಗ ಬೆರಳಿಗೆ ಸಿಗುವಷ್ಟಾಗಿದೆ. ಇನ್ನು ಕತ್ತರಿ ತಾಗಿಸುವುದಿಲ್ಲ. ನಾಳ ಮುಚ್ಚಿತೇ ಅಂತ ನೋಡುವ ಕೊನೆಯ ಸ್ಕ್ಯಾನಿಗೆ ಹೋಗುವ ದಿನ ಬೆಳಿಗ್ಗೆ ಬಾ, ನೀನೇ ಜಡೆ ಹಾಕಿ ಕಳಿಸು.